ಹೊರಬರುವ ವಿದ್ಯೆ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನ ತರಗತಿಗಳಲ್ಲಿ ದ್ರೋಣಪರ್ವವನ್ನು ಪಾಠ ಹೇಳಿದವನು ನಾನು. ಅಭಿಮನ್ಯು ಚಕ್ರವ್ಯೂಹವನ್ನು ಹೊಗುವ ಸಂದರ್ಭ ಬಂದಾಗ ಹಿಂದಿನ ಬೆಂಚಿನ ಹುಡುಗರೂ ಸದ್ದಡಗಿ ಕುಳಿತಿರುತ್ತಿದ್ದರು. ಅದನ್ನು ಕಂಡು, ನನ್ನ ಅಧ್ಯಾಪನ ಸಾರ್ಥಕವಾಯಿತೆಂದು ಒಳಗೊಳಗೇ ಹಿಗ್ಗಿದ್ದೂ ಉಂಟು. ಒಳಹೊಗುವುದನ್ನು ಬಲ್ಲೆ, ಹೊರಬರುವುದನ್ನು ಅರಿಯೆ ಎಂದು ಆ ಬಾಲಕ ಧರ್ಮರಾಯನಿಗೆ ಮೊದಲೇ ತಿಳಿಸಿಬಿಡುತ್ತಾನೆ. ಆ ಮಾತನ್ನು ನಾನು ಕರುಣರಸದ ಬೀಜವೆಂದು ವಿವರಿಸುತ್ತಿದ್ದೆ. ಅದು ಅರೆಕಲಿತ ವಿದ್ಯೆಯೊಂದರ ಬಗೆಗಿನ ಎಚ್ಚರಿಕೆಯೂ ಆಗಿತ್ತೆಂದು ನನಗೆ ಹೊಳೆದಿರಲಿಲ್ಲ.

ಅದನ್ನು ಹೊಳೆಯಿಸಿದವನು ನನ್ನ ಹಳೆಯ ಶಿಷ್ಯನೊಬ್ಬ. ಬಿ.ಎ. ಮುಗಿಸಿ ಅಗ್ನಿಶಾಮಕ ದಳವನ್ನು ಸೇರಿದವನು. ಈಗ ಅವನ ತಲೆಯೂ ನರೆತಿದೆ. ಒಂದು ಏಪ್ರಿಲ್ 14ರ ಸಂಜೆ ಮನೆಗೆ ಬಂದಿದ್ದ. 1944ರಲ್ಲಿ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿದು, ಬೆಂಕಿಯನ್ನು ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕರು ಮಡಿದರು. ಅವರ ನೆನಪಿಗಾಗಿ ನಮ್ಮ ದೇಶದಲ್ಲಿ ಆ ದಿನವನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ಅವನು ಆ ಸಮಾರಂಭವನ್ನು ಮುಗಿಸಿಕೊಂಡು ಬಂದಿದ್ದ. ನಾನು ಮೆಚ್ಚುಗೆಯಿಂದ, "ನಿಮ್ಮದು ಅಭಿಮನ್ಯುಗಳ ವೃತ್ತಿಯಪ್ಪ" ಎಂದೆ. ಅವನು ನಕ್ಕ. "ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲ ದಿನವೇ ಹೇಳುವುದು, ಅಭಿಮನ್ಯು ಆಗಬೇಡಿ ಅಂತ, ಮೇಷ್ಟ್ರೆ. ಹೊರಗೆ ಬರೋದು ಗೊತ್ತಿಲ್ಲದೆ ಒಳಗೆ ಹೋಗಬೇಡಿ ಅಂತ" ಎಂದ.

ಆ ಸಂಜೆ ಅವನು ಒಂದು ವಿಶೇಷ ಶಿಕ್ಷಣದ ವಿಷಯ ಹೇಳಿದ. ಮಹಡಿಯ ಮೇಲೆ ಬೆಂಕಿಯ ನಡುವೆ ಸಿಕ್ಕಿಬಿದ್ದ ಅಗ್ನಿಶಾಮಕನು ಹಿಂದಿರುಗುವ ದಾರಿ ಮುಚ್ಚಿಹೋದಾಗ ಕಿಟಕಿಯ ಮೂಲಕ ಹಗ್ಗ ಹಿಡಿದು ತನ್ನನ್ನು ತಾನೇ ಉಳಿಸಿಕೊಳ್ಳುವ ಶಿಕ್ಷಣ ಅದು. ಅಮೆರಿಕದಲ್ಲಿ ಅದು ಈಗ ಒಂದು ಶಾಸ್ತ್ರವೇ ಆಗಿದೆ ಎಂದ. ನಿವೃತ್ತನಿಗೆ ಹೊತ್ತಿಗೇನು ಕೊರತೆ? ಅದರ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದಿದಂತೆಲ್ಲ ಅದು ಒಂದು ಕಸುಬಿನ ಚರಿತ್ರೆಯಾಗಿ ಮಾತ್ರ ಉಳಿಯದೆ, ಶೌರ್ಯವನ್ನು ಕುರಿತ ನಮ್ಮ ಕಲ್ಪನೆಯ ಚರಿತ್ರೆಯಾಗಿಯೂ ಕಾಣತೊಡಗಿತು. ಅದನ್ನೇ ಇಂದು ತಮ್ಮ ಮುಂದೆ ನಿವೇದಿಸುತ್ತೇನೆ.

ಅಗ್ನಿಶಾಮಕರಿಗೆ ಕ್ರಮಬದ್ಧವಾದ ಶಿಕ್ಷಣ ಬೇಕೆಂದು ಹಟ ಹಿಡಿದ ಮೊದಲಿಗರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್ ಪ್ರಮುಖ. 1824ರಲ್ಲಿ ಎಡಿನ್‌ಬರೊ ನಗರದ ದಳದ ಮುಖ್ಯಸ್ಥನಾದಾಗ ಅವನಿಗೆ 24 ವರ್ಷ. ಎತ್ತರದ ಕಲ್ಲುಮನೆಗಳು ಒತ್ತೊತ್ತಾಗಿ ನಿಂತ ಊರು ಅದು. ಬೆಂಕಿಯನ್ನು ಬೀದಿಯಲ್ಲಿ ನಿಂತು ಆರಿಸಲಾಗದು, ಅದರ ಬುಡಕ್ಕೇ ಹೋಗಬೇಕು ಎಂಬುದು ಅವನ ಸಿದ್ಧಾಂತ. ಕಟ್ಟಡ ಕಟ್ಟುವ ಕಸುಬಿನವರನ್ನು ಆರಿಸಿ ದಳಕ್ಕೆ ಸೇರಿಸಿಕೊಂಡು ಅವರಿಗೆ ಅಭ್ಯಾಸ ಮಾಡಿಸಿದ; 1830ರಲ್ಲಿ ಈ ಶಿಕ್ಷಣವನ್ನು ಕುರಿತು ಪುಸ್ತಕವನ್ನೂ ಬರೆದ. ಮುಂದೆ ಲಂಡನ್ ದಳದ ನಾಯಕನಾಗಿ, 1861ರ ಜೂನ್ 22ರಂದು ಟೂಲಿ ಬೀದಿಯ ಮಹಾ ಅಗ್ನಿಯಲ್ಲಿ ತನ್ನವರ ಯೋಗಕ್ಷೇಮ ವಿಚಾರಿಸುತ್ತಿದ್ದಾಗ ಗೋಡೆ ಕುಸಿದು ಸತ್ತ. 'ಒಳಗೆ ಹೋಗಿ' ಎಂಬ ವಿದ್ಯೆಗೆ ಅವನು ಆಚಾರ್ಯ.

ಆ ಬಳಿಕ ಬಂದದ್ದು ಕೊಕ್ಕೆಯೇಣಿ. ಒಂದೇ ಕಂಬ, ಅದರ ಎರಡೂ ಪಕ್ಕಕ್ಕೆ ಚಾಚಿದ ಮೆಟ್ಟಿಲುಕಡ್ಡಿಗಳು, ತುದಿಯಲ್ಲಿ ಹಲ್ಲುಗಳುಳ್ಳ ದೊಡ್ಡ ಕಬ್ಬಿಣದ ಕೊಕ್ಕೆ. ಅದನ್ನು ಮೇಲಿನ ಕಿಟಕಿಗೆ ತಗುಲಿಸಿ ಹತ್ತುವುದು. ಕಿಟಕಿಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಏಣಿಯನ್ನು ಮೇಲೆಳೆದು ಅದರ ಮೇಲಿನ ಕಿಟಕಿಗೆ ತಗುಲಿಸುವುದು. ಹೀಗೆ ಮಹಡಿಯಿಂದ ಮಹಡಿಗೆ. 1877ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಸದರ್ನ್ ಹೋಟೆಲು ಹೊತ್ತಿ ಉರಿದು ಮೇಲಂತಸ್ತಿನವರು ಸಿಕ್ಕಿಕೊಂಡರು, ಹಲವರು ಸತ್ತರು. ಅನಂತರ ಆ ಊರಿನ ದಳದಲ್ಲಿ ಕೊಕ್ಕೆಯೇಣಿಯ ತುಕಡಿಯೊಂದು ಸಿದ್ಧವಾಯಿತು. ನ್ಯೂಯಾರ್ಕಿನ ದಳವೂ ಆ ವಿದ್ಯೆಯನ್ನು ಕಲಿಯಿತು.

ಇಲ್ಲಿಯೂ ಕಿಟಕಿ ಒಳಹೊಗುವ ಬಾಗಿಲು. ಇತರರನ್ನು ಹೊರತರುವ ಬಾಗಿಲು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಅವರಲ್ಲಿ ಬಹುಪಾಲು ಹೊಲಿಗೆಯ ಕೆಲಸದ ಎಳೆಯ ಹೆಣ್ಣುಮಕ್ಕಳು. ಕಾರ್ಖಾನೆ ಇದ್ದುದು ಎಂಟು, ಒಂಬತ್ತು, ಹತ್ತನೆಯ ಅಂತಸ್ತುಗಳಲ್ಲಿ. ದಳದ ಏಣಿ ಮುಟ್ಟಿದ್ದು ಆರನೆಯ ಅಂತಸ್ತಿನವರೆಗೆ. ಜಗತ್ತು ಆ ಕಿಟಕಿಗಳನ್ನು ಮರೆಯಲಿಲ್ಲ. ಕಾರ್ಮಿಕರ ರಕ್ಷಣೆಯ ಕಾನೂನುಗಳು ಹುಟ್ಟಿದವು. ಹೊರಬಾಗಿಲು, ಹೊರಮೆಟ್ಟಿಲುಗಳ ಬಗ್ಗೆ ನಿಯಮಗಳು ಬಿಗಿಯಾದವು. ಆದರೆ ಅಂಥದೇ ಕಿಟಕಿಯಲ್ಲಿ ಅಗ್ನಿಶಾಮಕನೇ ನಿಂತರೆ ಅವನ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂ ಬಹುಕಾಲ ಹಿಡಿಯಿತು. ಅವನು ವೀರನಲ್ಲವೆ? ವೀರನಿಗೆ ಹಿಂದಿರುಗುವ ದಾರಿ ಏತಕ್ಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಗೆ ನಡೆದುಕೊಂಡರು, ಅಷ್ಟೆ.

1980ರ ಜೂನ್ 27ರಂದು ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಜೆರಾರ್ಡ್ ಫ್ರಿಸ್ಬಿ ಎಂಬ ಅಗ್ನಿಶಾಮಕ ಮೇಲಂತಸ್ತಿನ ಕಿಟಕಿಯಲ್ಲಿ ಸಿಕ್ಕಿಕೊಂಡ. ಲಾರೆನ್ಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಇನ್ನೊಬ್ಬನನ್ನು ಸಂಗಾತಿಗಳು ಛಾವಣಿಯಿಂದ ಹಗ್ಗ ಕಟ್ಟಿ ಇಳಿಸಿದರು. ಅವನು ಕಿಟಕಿಯ ಬಳಿ ಬಂದು ಗೆಳೆಯನನ್ನು ತಬ್ಬಿಕೊಂಡ. ಹಗ್ಗ ತುಂಡಾಯಿತು, ಇಬ್ಬರೂ ಬಿದ್ದು ಸತ್ತರು. ಮನುಷ್ಯನ ಪ್ರಾಣವನ್ನು ಹೊರುವ ಹಗ್ಗ ಹೇಗಿರಬೇಕು ಎಂಬುದಕ್ಕೆ ಅಲ್ಲಿಯವರೆಗೆ ಆ ದೇಶದಲ್ಲಿ ಅಗ್ನಿಶಾಮಕರಿಗಾಗಿಯೇ ಒಂದು ಸರ್ವಸಮ್ಮತ ಮಾನದಂಡವೇ ಇರಲಿಲ್ಲ. ಆ ಸಾವುಗಳ ಬಳಿಕ ಅಲ್ಲಿಯ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ ಅದನ್ನು ರಚಿಸಿ 1985ರಲ್ಲಿ ಪ್ರಕಟಿಸಿತು.

1992ರ ಸೆಪ್ಟೆಂಬರಿನಲ್ಲಿ ಡೆನ್ವರ್ ನಗರದಲ್ಲಿ ಮಾರ್ಕ್ ಲ್ಯಾಂಗ್‌ವಾರ್ಟ್ ಎಂಬಾತ ಎರಡನೆಯ ಅಂತಸ್ತಿನ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕಿಟಕಿಯ ಕೆಳಗೇ ಕುಸಿದು ಬಿದ್ದ. ಓಣಿಯಂಥ ಆ ಜಾಗದ ಅಗಲ 28 ಅಂಗುಲ. ನೆಲದಿಂದ ಕಿಟಕಿಯ ಎತ್ತರ 42 ಅಂಗುಲ. ಕಿಟಕಿಯ ಅಗಲ 20 ಅಂಗುಲ. ಸಂಗಾತಿಗಳು ಅವನನ್ನು ಮುಟ್ಟಿದರು, ಹಿಡಿದರು; ಎತ್ತಿ ಹೊರಹಾಕಲು ಮಾತ್ರ ಆಗಲಿಲ್ಲ. ಬಗ್ಗಲು, ಕಾಲೂರಲು ಅಲ್ಲಿ ಜಾಗವೇ ಇರಲಿಲ್ಲ. ಆ ದಳದವರು ಅನಂತರ ಮಾಡಿದ ಕೆಲಸವನ್ನು ಓದಿ ನಾನು ತುಸು ಹೊತ್ತು ಪುಸ್ತಕ ಮುಚ್ಚಿ ಕುಳಿತೆ. ಅದೇ ಅಳತೆಯ ಗೋಡೆ, ಅದೇ ಅಳತೆಯ ಕಿಟಕಿಗಳನ್ನು ಹಲಗೆಯಲ್ಲಿ ಕಟ್ಟಿ, ಅದರೊಳಗಿಂದ ಒಬ್ಬನನ್ನು ಹೊರತೆಗೆಯುವ ಬಗೆ ಹೇಗೆಂದು ಪುನಃ ಪುನಃ ಮಾಡಿ ನೋಡಿ, ಒಂದು ಕ್ರಮವನ್ನು ಕಂಡುಹಿಡಿದರು. 'ಡೆನ್ವರ್ ಅಭ್ಯಾಸ' ಎಂಬ ಹೆಸರಿನಲ್ಲಿ ಅದನ್ನು ಇಂದಿಗೂ ಕಲಿಸುತ್ತಾರೆ. ನಾವು ಸತ್ತವರಿಗೆ ಕಲ್ಲು ನಿಲ್ಲಿಸುತ್ತೇವೆ. ಅವರು ಸತ್ತವನ ಕಿಟಕಿಯನ್ನೇ ನಿಲ್ಲಿಸಿ, ಇನ್ನೊಬ್ಬ ಹಾಗೆ ಸಾಯದಿರಲೆಂದು ಅದರೊಳಗೆ ಇಳಿದು ಕಲಿತರು.

ಇನ್ನು ಈ ಚರಿತ್ರೆಯ ಮುಖ್ಯ ಘಟ್ಟಕ್ಕೆ ಬರುತ್ತೇನೆ. 2005ರ ಜನವರಿ 23, ಭಾನುವಾರ. ನ್ಯೂಯಾರ್ಕಿನಲ್ಲಿ ಹಿಂದಿನ ದಿನದಿಂದ ಸುರಿದ ಹಿಮ ಬೀದಿಗಳನ್ನು ಮುಚ್ಚಿತ್ತು. ಬ್ರಾಂಕ್ಸ್ ಭಾಗದ ಪೂರ್ವ 178ನೆಯ ಬೀದಿಯ ನಾಲ್ಕಂತಸ್ತಿನ ವಸತಿಯಲ್ಲಿ, ಮೂರನೆಯ ಅಂತಸ್ತಿಗೆ ಬೆಂಕಿ ಬಿದ್ದಿತು. ಮೇಲಿನ ಅಂತಸ್ತಿನಲ್ಲಿ ಯಾರಾದರೂ ಉಳಿದಿರಬಹುದೇ ಎಂದು ಹುಡುಕಲು ಅಗ್ನಿಶಾಮಕರು ಅಲ್ಲಿಗೆ ಹೋದರು. ಒಳಗೆ ಅನುಮತಿಯಿಲ್ಲದೆ ಎಬ್ಬಿಸಿದ್ದ ಅಡ್ಡಗೋಡೆಗಳು ಹೊರಮೆಟ್ಟಿಲಿನ ದಾರಿಯನ್ನು ಮುಚ್ಚಿದ್ದವು. ಬೀದಿಯ ನೀರಿನ ನಲ್ಲಿ ಹೆಪ್ಪುಗಟ್ಟಿತ್ತು. ಕೊಳವೆಯಲ್ಲಿ ನೀರಿನ ಒತ್ತಡ ಕುಸಿಯಿತು. ಕೆಳಗಿನ ಬೆಂಕಿ ಮೇಲೇರಿತು. ಆರು ಮಂದಿ ಕಿಟಕಿಗಳಿಂದ ಹೊರಬೀಳಬೇಕಾಯಿತು. ಕೆಳಗಿನ ನೆಲಕ್ಕೆ ಸುಮಾರು 50 ಅಡಿ. ಕರ್ಟಿಸ್ ಮೇಯ್ರನ್ ಮತ್ತು ಜಾನ್ ಬೆಲ್ಲ್ಯೂ ಎಂಬಿಬ್ಬರು ಸತ್ತರು. ಉಳಿದ ನಾಲ್ವರ ಮೈ ಮೂಳೆಗಳು ನುಚ್ಚುನೂರಾದವು. ಅವರಲ್ಲೊಬ್ಬ 2011ರಲ್ಲಿ ತೀರಿಕೊಂಡ. ಅದೇ ದಿನ ಬ್ರೂಕ್ಲಿನ್‌ನ ಇನ್ನೊಂದು ಬೆಂಕಿಯಲ್ಲಿ ಮತ್ತೊಬ್ಬ ಅಗ್ನಿಶಾಮಕ ಸತ್ತ. ಆ ದಳ ಅದನ್ನು ಕರಾಳ ಭಾನುವಾರವೆಂದು ಕರೆಯುತ್ತದೆ.

ಆ ಆರು ಮಂದಿಯಲ್ಲಿ ಒಬ್ಬನ ಬಳಿ ಮಾತ್ರ ಹಗ್ಗವಿತ್ತು. ಅದು ಇಲಾಖೆ ಕೊಟ್ಟದ್ದಲ್ಲ. ಅವನೇ ಕೊಂಡು ಇಟ್ಟುಕೊಂಡದ್ದು. ಆ ಒಂದೇ ಹಗ್ಗವನ್ನು ಇಬ್ಬರು ಹಂಚಿಕೊಂಡರು. ಮೊದಲು ಯಾರು ಇಳಿಯಬೇಕೆಂಬ ಮಾತು ಆ ಕಿಟಕಿಯ ಬಳಿ ನಡೆಯಿತು. ನಿನಗೆ ಹೆಂಡತಿ ಮಕ್ಕಳಿದ್ದಾರೆ, ನೀನು ಮೊದಲು ಎಂದು ಒಬ್ಬ ಇನ್ನೊಬ್ಬನನ್ನು ಕಳುಹಿಸಿದ. ಇಬ್ಬರೂ ಕೊನೆಯವರೆಗೆ ಇಳಿಯಲಾಗದೆ ಬಿದ್ದರು, ಆದರೆ ಬದುಕಿದರು. 1990ರ ದಶಕದಲ್ಲಿ ಇಲಾಖೆ ಅಗ್ನಿಶಾಮಕರಿಗೆ ಸ್ವಂತ ರಕ್ಷಣೆಯ ಹಗ್ಗಗಳನ್ನು ಕೊಟ್ಟಿತ್ತು. 2000ದ ಹೊತ್ತಿಗೆ ಆ ವ್ಯವಸ್ಥೆ ನಿಂತುಹೋಯಿತು. ಹೊರುವುದಕ್ಕೆ ತೊಡಕು, ಬಳಕೆ ಅಪರೂಪ ಎಂಬಂಥ ಮಾತುಗಳು ಕಚೇರಿಯ ಕಾಗದದಲ್ಲಿ ಎಷ್ಟು ಯುಕ್ತವಾಗಿ ಕಾಣುತ್ತವೆ! ಬಳಕೆಯಾಗದೆ ಉಳಿಯಲಿ ಎಂದೇ ಹಾರೈಸಿ ಕೊಡುವ ವಸ್ತುವನ್ನು ಬಳಕೆಯ ಲೆಕ್ಕದಿಂದ ಅಳೆಯುವುದು ಹೇಗೆ? 2016ರಲ್ಲಿ ನ್ಯಾಯಾಲಯದ ಪಂಚರು ಆ ದುರಂತದ ಹೊಣೆಯಲ್ಲಿ ದೊಡ್ಡ ಪಾಲನ್ನು ನಗರಾಡಳಿತದ ಮೇಲೆಯೇ ಹೊರಿಸಿದರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ನಾವು ಹಾಸ್ಯ ಮಾಡುತ್ತೇವೆ. ಆದರೆ ಆಗಲಾದರೂ ತೋಡಿದವರನ್ನು ಮೆಚ್ಚಲೇಬೇಕು. ಅದೇ ವರ್ಷ ಆ ದಳದ ಅಗ್ನಿಶಾಮಕರೇ ಪೆಟ್ಜಲ್ ಎಂಬ ಫ್ರೆಂಚ್ ಪರ್ವತಾರೋಹಣ ಸಾಮಗ್ರಿಯ ಸಂಸ್ಥೆಯವರೊಡನೆ ಕೂಡಿ ಒಂದು ಸಲಕರಣೆಯನ್ನು ರೂಪಿಸಿದರು. ಸೊಂಟಕ್ಕೂ ತೊಡೆಗೂ ಬಿಗಿದ ಪಟ್ಟಿ, ಅದಕ್ಕೆ ಸೇರಿದ ಚೀಲದಲ್ಲಿ ಶಾಖ ತಡೆಯುವ ನೂಲಿನಿಂದ ಹೆಣೆದ ಸುಮಾರು 50 ಅಡಿಯ ಕಿರಿದಾದ ಹಗ್ಗ, ತುದಿಗೊಂದು ಚೂಪಾದ ಕೊಕ್ಕೆ, ಕೈಯಿಂದ ಒತ್ತಿದರೆ ಹಗ್ಗವನ್ನು ಬಿಡುವ, ಬಿಟ್ಟರೆ ಹಿಡಿಯುವ ಒಂದು ಸಣ್ಣ ಯಂತ್ರ. 2007ರಲ್ಲಿ ನ್ಯೂಯಾರ್ಕ್ ಸಂಸ್ಥಾನ ಅಗ್ನಿಶಾಮಕರಿಗೆ ಇಂಥ ಹಗ್ಗವನ್ನೂ ಅದರ ಶಿಕ್ಷಣವನ್ನೂ ಒದಗಿಸಬೇಕೆಂದು ಕಾನೂನು ಮಾಡಿತು.

ಕಾನೂನು ಹಗ್ಗದೊಡನೆ ಶಿಕ್ಷಣವನ್ನೂ ಹೇಳಿದ್ದು ಸರಿಯಾಗಿದೆ. ಏಕೆಂದರೆ ಹಗ್ಗ ತಾನಾಗಿ ಯಾರನ್ನೂ ಉಳಿಸದು. ಈ ಶಿಕ್ಷಣ ಹೇಗೆ ನಡೆಯುತ್ತದೆಂದು ನನ್ನ ಶಿಷ್ಯ ನಮ್ಮ ಮನೆಯ ಕಿಟಕಿಯ ಮುಂದೆಯೇ ನಿಂತು ತೋರಿಸಿದ. ಶಿಷ್ಯನ ಮುಖವಾಡದ ಗಾಜನ್ನು ಮುಚ್ಚಿಬಿಡುತ್ತಾರೆ. ಹೊಗೆಯಲ್ಲಿ ಕಣ್ಣಿಗೆ ಕೆಲಸವಿಲ್ಲ. ದಪ್ಪ ಕೈಚೀಲ ತೊಟ್ಟ ಕೈಯಿಂದ ಗೋಡೆಯನ್ನು ತಡವುತ್ತ ಅವನು ಕಿಟಕಿಯನ್ನು ಹುಡುಕಬೇಕು. ಕೊಕ್ಕೆಯನ್ನು ಕಿಟಕಿಯ ಕೆಳಮೂಲೆಗೆ ಸಿಕ್ಕಿಸಬೇಕು. ಅಲ್ಲಿಂದ ಮುಂದೆ ಒಂದು ಕ್ಷಣವೂ ಹಗ್ಗ ಸಡಿಲವಾಗಕೂಡದು. ಸಡಿಲವಾದರೆ ಕೊಕ್ಕೆ ಕಳಚುತ್ತದೆ. ಎದ್ದು ನಿಲ್ಲಲೂ ಕೂಡದು, ಏಕೆಂದರೆ ಕಾದ ಹೊಗೆ ಕಿಟಕಿಯ ಮೇಲ್ಭಾಗದಿಂದಲೇ ಹೊರನುಗ್ಗುತ್ತಿರುತ್ತದೆ. ಹೊಟ್ಟೆಯ ಮೇಲೆ ಹರಿದು, ಮೈಯನ್ನು ಕಿಟಕಿಗಿಂತ ಕೆಳಕ್ಕೆ ಜಾರಿಸಿ, ಗೋಡೆಗೆ ಆತು, ಆಮೇಲೆ ನಿಧಾನವಾಗಿ ಇಳಿಯಬೇಕು. ಮೊದಲು ಆಳುದ್ದದ ಎತ್ತರದಿಂದ, ಬಳಿಕ ಮಹಡಿಯಿಂದ. ಕಲಿಯುವಾಗಲೇ ಬಿದ್ದು ಗಾಯಗೊಂಡವರಿರುವುದರಿಂದ, ಗುರುವಿನ ಕೈಯಲ್ಲಿ ಇನ್ನೊಂದು ರಕ್ಷಣೆಯ ಹಗ್ಗ ಇದ್ದೇ ಇರಬೇಕು. ಯೋಚಿಸಿ ಮಾಡುವುದು ನಿಂತು, ಕೈಯೇ ಮಾಡುವವರೆಗೆ ಅಭ್ಯಾಸ.

"ಆದರೆ ಹಗ್ಗ ಕೊನೆಯ ಉಪಾಯ, ಮೇಷ್ಟ್ರೆ" ಎಂದ ಅವನು. ಬೆಂಕಿಗೂ ತನಗೂ ನಡುವೆ ಒಂದು ಬಾಗಿಲನ್ನು ಮುಚ್ಚಿಕೊಳ್ಳುವುದು, ಕೊಳವೆಯ ಜಾಡು ಹಿಡಿದು ಹಿಂದಿರುಗುವುದು, ಹೊರಗಿನಿಂದ ಏಣಿ ತರಿಸಿಕೊಳ್ಳುವುದು, ಇವೆಲ್ಲ ಮೊದಲು. ಎಲ್ಲಕ್ಕೂ ಮೊದಲು ರೇಡಿಯೋದಲ್ಲಿ 'ಮೇಡೇ' ಎಂದು ಮೂರು ಬಾರಿ ಕೂಗಬೇಕು. ಇದು 'ನನಗೆ ನೆರವಾಗಿ' ಎಂಬ ಫ್ರೆಂಚ್ ಮಾತಿನ ಧ್ವನಿಯಿಂದ ಬಂದ ಸಂಕೇತ. ವಿಚಿತ್ರವೆಂದರೆ, ಈ ಶಿಕ್ಷಣದಲ್ಲಿ ಕಲಿಸಲು ಕಠಿಣವಾದುದು ಕಿಟಕಿಯಿಂದ ಇಳಿಯುವುದಲ್ಲವಂತೆ. ಈ ಒಂದು ಕೂಗಂತೆ. ಸದಾ ಇತರರ ಕೂಗಿಗೆ ಓಡಿ ಅಭ್ಯಾಸವಾದವನ ಬಾಯಿಂದ 'ನನಗೆ ನೆರವಾಗಿ' ಎಂಬ ಮಾತು ಬೇಗ ಹೊರಡುವುದಿಲ್ಲ. ಇನ್ನೊಂದು ನಿಮಿಷ ನೋಡೋಣ, ದಾರಿ ಸಿಕ್ಕೀತು ಎಂದು ತಡೆಯುತ್ತಾನೆ. ಆ ನಿಮಿಷದಲ್ಲಿ ಎಲ್ಲವೂ ಮುಗಿದಿರುತ್ತದೆ.

ನನ್ನನ್ನು ಬಹುವಾಗಿ ಕಲಕಿದ ಮಾತು ಇದು. ಆ ಸಂಕೋಚವನ್ನು ಬೆಳೆಸಿದವರು ಯಾರು? ನನ್ನಂಥವರೂ ಅದರಲ್ಲಿ ಪಾಲುದಾರರಲ್ಲವೆ? ನಮ್ಮ ನಾಡಿನ ವೀರಗಲ್ಲುಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ ನಾನು ಎಷ್ಟೋ ಸಲ ವ್ಯಾಖ್ಯಾನ ಮಾಡಿದ್ದೇನೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲಿನದರಲ್ಲಿ ಶಿವಸನ್ನಿಧಿ. ಅದು ಉದಾತ್ತವಾದ ಕಲ್ಪನೆ. ಅದನ್ನು ಹಗುರವಾಗಿ ಕಾಣಲು ನನ್ನ ಮನಸ್ಸು ಒಪ್ಪದು. ಆದರೆ ದನಗಳನ್ನು ಬಿಡಿಸಿಕೊಂಡು, ಮೈಯೆಲ್ಲ ಗಾಯವಾಗಿ, ಸಂಜೆ ಮನೆಗೆ ಹಿಂದಿರುಗಿದವನಿಗೆ ಆ ಕಲ್ಲಿನಲ್ಲಿ ಪಟ್ಟಿಕೆಯಿಲ್ಲ. ಹಿಂದಿರುಗುವುದನ್ನು ನಾವು ಕೆತ್ತಲಿಲ್ಲ. ಆದ್ದರಿಂದ ಅದನ್ನು ಕಲಿಸುವ ಯೋಚನೆಯೂ ಮೂಡಲಿಲ್ಲವೇನೋ.

ತನ್ನನ್ನು ಉಳಿಸಿಕೊಳ್ಳುವುದನ್ನು ಕಲಿತವನು ಇತರರನ್ನು ಉಳಿಸುವುದರಲ್ಲಿ ಹಿಂಜರಿಯುವುದಿಲ್ಲವೆ ಎಂದು ನಾನು ಶಿಷ್ಯನನ್ನು ಕೇಳಿದೆ. "ಇಲ್ಲ, ಮೇಷ್ಟ್ರೆ. ಹೊರದಾರಿ ಗೊತ್ತಿರುವವನು ಇನ್ನೂ ಒಂದು ಕೋಣೆ ಮುಂದಕ್ಕೆ ಹೋಗಿ ಹುಡುಕುತ್ತಾನೆ" ಎಂದ. ಇನ್ನೊಂದು ಮಾತೂ ಸೇರಿಸಿದ. ಒಬ್ಬ ಅಗ್ನಿಶಾಮಕ ಒಳಗೆ ಸಿಕ್ಕಿಕೊಂಡರೆ ಅವನನ್ನು ತರಲು ನಾಲ್ವರು ಹೋಗುತ್ತಾರೆ, ಅವರೂ ಸಿಕ್ಕಿಕೊಳ್ಳಬಹುದು. ತನ್ನನ್ನು ಉಳಿಸಿಕೊಂಡವನು ಆ ನಾಲ್ವರನ್ನೂ ಉಳಿಸಿದಂತೆ. ನಾನು ಸ್ವಾರ್ಥವೆಂದು ಅನುಮಾನಿಸಿದ್ದು ಅವನ ಲೆಕ್ಕದಲ್ಲಿ ಋಣಸಂದಾಯವಾಗಿತ್ತು.

ಹಾಗಾದರೆ ನಮ್ಮಲ್ಲಿ? ಅವನು ನಮ್ಮ ಮನೆಯ ಕಿಟಕಿಯ ಕಬ್ಬಿಣದ ಸರಳುಗಳನ್ನು ತಟ್ಟಿ ನಕ್ಕ. "ಕೊಕ್ಕೆ ಸಿಕ್ಕಿಸೋಕೆ ನಮ್ಮ ಸರಳು ಬಹಳ ಚೆನ್ನ. ಆದರೆ ನಾವು ಹೊರಗೆ ಬರೋದು ಹೇಗೆ?" ಕಳ್ಳನ ಭಯಕ್ಕೆ ಹಾಕಿದ ಸರಳು ಬೆಂಕಿಯ ದಿನ ಸೆರೆಮನೆಯಾಗುತ್ತದೆ. ಇತ್ತ ಸರಳೇ ಇಲ್ಲದ ಗಾಜಿನ ಎತ್ತರದ ಕಟ್ಟಡಗಳೂ ನಮ್ಮ ನಗರಗಳಲ್ಲಿ ಎದ್ದಿವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಹೊಗೆ ತುಂಬಿದಾಗ ಕೆಲವರು ಕಿಟಕಿಗಳಿಂದ ಹಾರಿದರು. ಒಟ್ಟು 9 ಮಂದಿ ಸತ್ತರು. ಆದ್ದರಿಂದ ನ್ಯೂಯಾರ್ಕಿನ ಹಗ್ಗವನ್ನು ಹಾಗೆಯೇ ತಂದು ಕೈಗಿತ್ತರೆ ಸಾಲದು. ನಮ್ಮ ಗೋಡೆ, ನಮ್ಮ ಕಿಟಕಿ, ನಮ್ಮ ಮೆಟ್ಟಿಲುಗಳಿಗೆ ತಕ್ಕ ಹೊರದಾರಿಯನ್ನು ನಾವೇ ಅಳೆದು, ಕಟ್ಟಿ, ಅಭ್ಯಾಸ ಮಾಡಬೇಕು. ತರಬೇಕಾದುದು ಡೆನ್ವರಿನವರ ಆ ಬುದ್ಧಿಯನ್ನು.

ಮಹಾಭಾರತವನ್ನು ಮತ್ತೆ ತೆರೆದು ನೋಡಿದಾಗ, ನಾನು ಇಷ್ಟು ವರ್ಷ ಅದರ ಒಂದೇ ಪುಟವನ್ನು ಓದುತ್ತಿದ್ದೆನೆಂದು ಅನ್ನಿಸಿತು. ಅರಗಿನ ಮನೆಗೆ ಬೆಂಕಿ ಬಿದ್ದಾಗ ಪಾಂಡವರನ್ನು ಉಳಿಸಿದ್ದು ಭೀಮನ ಗದೆಯಲ್ಲ, ಅರ್ಜುನನ ಬಿಲ್ಲೂ ಅಲ್ಲ. ವಿದುರ ಮುಂಚಿತವಾಗಿ ಕಳುಹಿಸಿದ ಒಬ್ಬ ಅಗೆಯುವವನು, ಅವನು ತೋಡಿದ ಸುರಂಗ. ಆ ಅಗೆಯುವವನಿಗೆ ನಮ್ಮ ಪಾಠಗಳಲ್ಲಿ ಒಂದು ಸಾಲಿನ ಜಾಗವೂ ಸಿಕ್ಕುವುದಿಲ್ಲ. ಅದೇ ಮನೆತನದವರು ಮುಂದೆ ಹದಿಹರೆಯದ ಮಗನನ್ನು ಹೊರದಾರಿ ಕಲಿಸದೆ ವ್ಯೂಹಕ್ಕೆ ಕಳುಹಿಸಿದರು. ಹಿಂದೆಯೇ ಬರುತ್ತೇವೆ ಎಂದವರು ಬರಬೇಕೆಂದೇ ಹೊರಟಿದ್ದರು, ಸೈಂಧವ ಅಡ್ಡಗಟ್ಟಿದ. ಬ್ರಾಂಕ್ಸಿನ ಆ ಮುಂಜಾನೆಯೂ ಕೆಳಗಿದ್ದವರು ನೀರು ತರಲು ಹೆಣಗುತ್ತಲೇ ಇದ್ದರು, ಹಿಮ ಅಡ್ಡಗಟ್ಟಿತು. ಹಿಂದೆ ಬರುವವರ ಪ್ರೀತಿಯಲ್ಲಿ ಕೊರತೆಯಿರದಿದ್ದರೂ ಹಿಂದೆ ಬರಲಾಗದ ದಿನಗಳಿರುತ್ತವೆ. ಆ ದಿನಕ್ಕಾಗಿ ಒಳಹೋಗುವವನ ಸೊಂಟದಲ್ಲಿ ಒಂದು ಹಗ್ಗವೂ ಕೈಯಲ್ಲಿ ಒಂದು ಅಭ್ಯಾಸವೂ ಇರಬೇಕು.

ಶಿಷ್ಯ ಹೊರಟು ನಿಂತಾಗ ನಮ್ಮಾಕೆ ಕುಂಕುಮವಿಟ್ಟು ತಾಂಬೂಲ ಕೊಟ್ಟಳು. 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕೆಂಬುದು ನಮ್ಮ ಮನೆಗಳ ಪದ್ಧತಿ. ಅವನೂ ಹಾಗೆಯೇ ಹೇಳಿ ಹೊರಟ. ಸಾವಿರಾರು ಬಾರಿ ಕೇಳಿದ ಆ ಮಾತಿನಲ್ಲಿ 'ಬರುತ್ತೇನೆ' ಎಂಬುದಕ್ಕೆ ಎಷ್ಟು ತೂಕವಿದೆ ಎಂಬುದು ಅಂದು ಗೊತ್ತಾಯಿತು. ಇನ್ನು ಮುಂದೆ ಯಾರಾದರೂ ನನ್ನಲ್ಲಿ ದ್ರೋಣಪರ್ವವನ್ನು ಓದಲು ಬಂದರೆ, ಬಾಲಕನ ಆ ಮಾತಿನ ಬಳಿ ನಾನು ಹಿಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕಣ್ಣು ತೇವವಾಗಲಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣೊರಸಿಕೊಂಡ ಮೇಲೆ ಒಂದು ಪ್ರಶ್ನೆಯನ್ನೂ ಕೇಳುತ್ತೇನೆ: ಅವನಿಗೆ ಉಳಿದರ್ಧ ವಿದ್ಯೆಯನ್ನು ಕಲಿಸಬೇಕಾಗಿದ್ದವರು ಯಾರು?